ಗಣಕದೊಳಗಿನ ಪ್ರಯೋಗಶಾಲೆ

ಒಲೆಯ ಮೇಲೆ ಸಾರು ಕುದಿಯುತ್ತಿದೆ. ಅದರೊಳಗೆ ಉಕ್ಕಿನ ಸೌಟೊಂದನ್ನು ಯಾರೋ ಮರೆತು ಬಿಟ್ಟಿದ್ದಾರೆ. ಮೊದಮೊದಲು ಸೌಟಿನ ಹಿಡಿ ತಣ್ಣಗೆಯೇ ಇರುವುದು. ಸ್ವಲ್ಪ ಹೊತ್ತಾದ ಮೇಲೆ ಬೆಚ್ಚಗಾಗುವುದು. ಇನ್ನೂ ಸ್ವಲ್ಪ ಹೊತ್ತು ಕಳೆದರೆ ಬರಿಗೈಯಿಂದ ಮುಟ್ಟಲಾಗದಷ್ಟು ಬಿಸಿಯಾಗುವುದು. ಎಷ್ಟು ಹೊತ್ತಿಗೆ? ಅಡುಗೆಮನೆಯಲ್ಲಿರುವವರು ಈ ಪ್ರಶ್ನೆಗೆ ಬೆರಳಿನಿಂದಲೇ ಉತ್ತರವನ್ನು ಕಂಡುಕೊಳ್ಳುತ್ತಾರೆ. ಆದರೆ ಆ ಸೌಟಿನ ಬದಲು ವಿದ್ಯುತ್ ಕೇಂದ್ರವೊಂದರ ಟರ್ಬೈನಿನ ಅಲಗನ್ನೋ, ಬಾಹ್ಯಾಕಾಶದಿಂದ ವಾಯುಮಂಡಲಕ್ಕೆ ಮರಳಿ ಇಳಿಯುವ ನೌಕೆಯ ಮೂತಿಯನ್ನೋ ಭಾವಿಸಿಕೊಳ್ಳಿರಿ. ಅಲ್ಲಿ ಬೆರಳಿಟ್ಟು ನೋಡುವಂತಿಲ್ಲ. ಕಟ್ಟಿ, ಸುಟ್ಟು, ಮತ್ತೆ ಕಟ್ಟಿ ನೋಡುತ್ತಲೇ ಇರುವಷ್ಟು ಹಣವಾಗಲಿ ಕಾಲವಾಗಲಿ ಯಾವ ದೇಶದಲ್ಲಿಯೂ ಇಲ್ಲ. ಆದ್ದರಿಂದ ವಸ್ತುವನ್ನು ಕಟ್ಟುವ ಮೊದಲೇ ಅದು ಹೇಗೆ ವರ್ತಿಸುವುದೆಂಬುದನ್ನು ಕಾಗದದ ಮೇಲೆ, ಇಲ್ಲವೆ ಗಣಕಯಂತ್ರದ ಒಳಗೆ, ಕಂಡುಕೊಳ್ಳಬೇಕಾಗುತ್ತದೆ. ಇಂದು ಎಂಜಿನಿಯರಿಂಗ್ ವಿಭಾಗಗಳಲ್ಲಿ ಡಾಕ್ಟರೇಟಿಗಾಗಿ ದುಡಿಯುತ್ತಿರುವ ತರುಣ ತರುಣಿಯರಲ್ಲಿ ಬಹುಮಂದಿ ತೊಡಗಿರುವುದು ಈ ಕೆಲಸದಲ್ಲಿಯೇ.

ಇದನ್ನು ತರಗತಿಯಲ್ಲಿ ಹೇಳಿದಾಗಲೆಲ್ಲ ಯಾರಾದರೊಬ್ಬ ವಿದ್ಯಾರ್ಥಿ ಎದ್ದು ನಿಂತು ನಮ್ಮನ್ನು ಕೇಳುವುದುಂಟು: “ಸಮೀಕರಣಗಳು ಪುಸ್ತಕದಲ್ಲಿವೆ, ಬಿಡಿಸುವುದಕ್ಕೆ ಕಂಪ್ಯೂಟರ್ ಇದೆ, ಅದಕ್ಕೆ ಬೇಕಾದ ತಂತ್ರಾಂಶವೂ ದುಡ್ಡು ಕೊಟ್ಟರೆ ಸಿಗುತ್ತದೆ. ಹೀಗಿರುವಾಗ ನಾಲ್ಕೈದು ವರ್ಷ ಕುಳಿತು ಸಂಶೋಧಿಸುವುದಕ್ಕೆ ಉಳಿದಿರುವುದೇನು ಸಾರ್?” ಪ್ರಶ್ನೆ ನ್ಯಾಯವಾದುದು. ಆ ಪ್ರಶ್ನೆಗೆ ಇಲ್ಲಿ ಸಾವಧಾನವಾಗಿ ಉತ್ತರ ಹೇಳಲು ಯತ್ನಿಸುತ್ತೇವೆ.

ಮಾದರಿ ಮತ್ತು ಅನುಕರಣೆ

ಮೊದಲು ಎರಡು ಮಾತುಗಳ ಅರ್ಥವನ್ನು ಸ್ಪಷ್ಟಪಡಿಸಿಕೊಳ್ಳೋಣ. ನಿಸರ್ಗದ ಒಂದು ಘಟನೆಯಲ್ಲಿ ಮುಖ್ಯವಾದುದನ್ನು ಉಳಿಸಿಕೊಂಡು, ಅಮುಖ್ಯವಾದುದನ್ನು ಬಿಟ್ಟು, ಉಳಿದುದನ್ನು ಗಣಿತದ ಭಾಷೆಯಲ್ಲಿ ಬರೆದರೆ ಅದು ‘ಮಾದರಿ’. ಭೂಪಟವನ್ನು ಇದಕ್ಕೆ ಹೋಲಿಸಬಹುದು. ಊರಿನ ಒಂದೊಂದು ಕಲ್ಲನ್ನೂ ಗಿಡವನ್ನೂ ತೋರಿಸಲು ಹೊರಟ ಭೂಪಟ ಊರಿನಷ್ಟೇ ದೊಡ್ಡದಾದೀತು. ಅದರಿಂದ ದಾರಿಗನಿಗೆ ಉಪಯೋಗವಿಲ್ಲ. ದಾರಿಯನ್ನೇ ಬಿಟ್ಟ ಭೂಪಟದಿಂದಲೂ ಉಪಯೋಗವಿಲ್ಲ. ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂಬ ವಿವೇಕವೇ ಮಾದರಿಯ ಜೀವ.

ಮಾದರಿಯನ್ನು ಕಾಲಕ್ರಮದಲ್ಲಿ ನಡೆಸಿ, ಗಳಿಗೆ ಗಳಿಗೆಗೂ ಅದು ಏನಾಗುವುದೆಂದು ಲೆಕ್ಕ ಹಾಕುತ್ತ ಹೋಗುವುದು ‘ಅನುಕರಣೆ’. ಸಿಮ್ಯುಲೇಷನ್ ಎಂದು ಎಂಜಿನಿಯರುಗಳು ಕರೆಯುವುದು ಇದನ್ನೇ. ಸೌಟಿನ ಮಾದರಿಯನ್ನು ಫ್ರಾನ್ಸಿನ ಜೋಸೆಫ್ ಫೂರಿಯೆ 1822ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿಯೇ ಕೊಟ್ಟಿದ್ದಾರೆ. ಬಿಸಿಯಾದ ಕಡೆಯಿಂದ ತಣ್ಣಗಿರುವ ಕಡೆಗೆ ಶಾಖ ಹರಿಯುವುದು. ಎರಡು ಕಡೆಗಳ ಉಷ್ಣತೆಯ ಅಂತರ ಹೆಚ್ಚಿದಷ್ಟೂ ಹರಿವು ಹೆಚ್ಚುವುದು. ಇಷ್ಟೇ ಅದರ ತಿರುಳು. ಈ ಎರಡು ಸಾಲಿನ ತಿರುಳಿನಿಂದ ಎಂತಹ ತೊಡಕು ಹುಟ್ಟಬಹುದೆಂಬುದನ್ನು ನಾವೇ ಲೆಕ್ಕ ಮಾಡಿ ನೋಡೋಣ. ಓದುಗರು ಒಂದು ಕಾಗದವನ್ನೂ ಪೆನ್ಸಿಲನ್ನೂ ತೆಗೆದುಕೊಳ್ಳಬೇಕು. ಗಣಕ ಬೇಡ.

ಏಳು ಬಿಂದುಗಳ ಕಂಬಿ

ಲೋಹದ ಕಂಬಿಯೊಂದರ ಮೇಲೆ ಸಮಾನ ಅಂತರದಲ್ಲಿ ಏಳು ಬಿಂದುಗಳನ್ನು ಗುರುತಿಸಿರಿ. ಎರಡು ತುದಿಗಳೂ ಸದಾಕಾಲ ಮಂಜುಗಡ್ಡೆಯಲ್ಲಿ ಹುದುಗಿವೆ. ಅವುಗಳ ಉಷ್ಣತೆ 0 ಡಿಗ್ರಿ. ನಟ್ಟನಡುವಿನ ಬಿಂದುವನ್ನು 100 ಡಿಗ್ರಿಗೆ ಕಾಯಿಸಿ ಬಿಟ್ಟಿದ್ದೇವೆ. ಮಿಕ್ಕವೆಲ್ಲ 0 ಡಿಗ್ರಿಯಲ್ಲಿವೆ.

ಒಂದು ಬಿಂದುವಿಗೆ ಎಷ್ಟು ಶಾಖ ಬಂದು ಸೇರುವುದೆಂಬುದನ್ನು ತಿಳಿಯಬೇಕಾದರೆ ಅದರ ಎಡಬಲದ ಬಿಂದುಗಳ ಉಷ್ಣತೆಗಳನ್ನು ಕೂಡಿ, ಅದರಿಂದ ತನ್ನ ಉಷ್ಣತೆಯ ಎರಡರಷ್ಟನ್ನು ಕಳೆಯಬೇಕು. ಬಂದುದರಲ್ಲಿ ಒಂದು ಭಾಗವನ್ನು ತನ್ನ ಉಷ್ಣತೆಗೆ ಕೂಡಿಸಿದರೆ ಮುಂದಿನ ಗಳಿಗೆಯ ಉಷ್ಣತೆ ದೊರೆಯುವುದು. ಆ ಭಾಗ ಎಷ್ಟೆಂಬುದು ಲೋಹದ ಗುಣವನ್ನೂ, ಬಿಂದುಗಳ ಅಂತರವನ್ನೂ, ಒಂದೊಂದು ಸಲಕ್ಕೆ ನಾವು ಎಷ್ಟು ಕಾಲ ಮುಂದಕ್ಕೆ ಹೆಜ್ಜೆಯಿಡುತ್ತೇವೆಂಬುದನ್ನೂ ಅವಲಂಬಿಸಿದೆ. ಸಣ್ಣ ಹೆಜ್ಜೆಯನ್ನಿಟ್ಟು, ಆ ಭಾಗ ಕಾಲು ಆಗುವಂತೆ ಆರಿಸಿಕೊಳ್ಳೋಣ. ಆಗ ಅಂಕಿಗಳು ಹೀಗೆ ಬರುತ್ತವೆ.

ಮೊದಲು: 0, 0, 0, 100, 0, 0, 0
ಒಂದನೆಯ ಹೆಜ್ಜೆ: 0, 0, 25, 50, 25, 0, 0
ಎರಡನೆಯ ಹೆಜ್ಜೆ: 0, 6.25, 25, 37.5, 25, 6.25, 0

ಇದು ಒಪ್ಪತಕ್ಕ ಫಲ. ನಡುವಿನ ಬಿಸಿ ತಗ್ಗುತ್ತಿದೆ, ಅಕ್ಕಪಕ್ಕಕ್ಕೆ ಹರಡುತ್ತಿದೆ. ಆದರೆ ಹೀಗೆ ಪುಟ್ಟ ಪುಟ್ಟ ಹೆಜ್ಜೆಗಳನ್ನಿಡುತ್ತ ಹೋದರೆ ಲೆಕ್ಕ ಮುಗಿಯುವುದು ಯಾವಾಗ ಎಂದು ಅವಸರ ಹುಟ್ಟುತ್ತದೆ. ಹೆಜ್ಜೆಯನ್ನು ನಾಲ್ಕರಷ್ಟು ದೊಡ್ಡದು ಮಾಡೋಣ. ಆಗ ಕಾಲು ಭಾಗಕ್ಕೆ ಬದಲಾಗಿ ಪೂರ್ಣ ಭಾಗವನ್ನೇ ಕೂಡಿಸಬೇಕು. ನಿಯಮ ಬದಲಾಗಿಲ್ಲ, ಸಮೀಕರಣ ಬದಲಾಗಿಲ್ಲ, ಕೂಡುವುದರಲ್ಲಾಗಲಿ ಕಳೆಯುವುದರಲ್ಲಾಗಲಿ ತಪ್ಪಿಲ್ಲ. ಫಲ ಮಾತ್ರ ಹೀಗಾಗುವುದು.

ಒಂದನೆಯ ಹೆಜ್ಜೆ: 0, 0, 100, −100, 100, 0, 0
ಎರಡನೆಯ ಹೆಜ್ಜೆ: 0, 100, −200, 300, −200, 100, 0
ಮೂರನೆಯ ಹೆಜ್ಜೆ: 0, −300, 600, −700, 600, −300, 0

ಮಂಜುಗಡ್ಡೆಯ ನಡುವೆ ಇಟ್ಟ ಕಂಬಿ ತನ್ನಷ್ಟಕ್ಕೆ ತಾನೇ 600 ಡಿಗ್ರಿಗೆ ಕಾಯುತ್ತಿದೆ. ಅದರ ಮಗ್ಗುಲಲ್ಲೇ −700 ಡಿಗ್ರಿಯ ಶೀತವಿದೆ! −273 ಡಿಗ್ರಿಗಿಂತ ಕೆಳಗೆ ಉಷ್ಣತೆ ಎಂಬುದೇ ಇಲ್ಲವೆಂದು ಪ್ರೌಢಶಾಲೆಯ ವಿದ್ಯಾರ್ಥಿಗಳೂ ಬಲ್ಲರು. ಆದರೆ ಅದು ಗಣಕಯಂತ್ರಕ್ಕೆ ಗೊತ್ತಿಲ್ಲ. ಅದು ಈ ಅಂಕಿಗಳನ್ನು ಒಂದಿಷ್ಟೂ ಸಂಕೋಚವಿಲ್ಲದೆ, ಬೇಕಾದರೆ ಬಣ್ಣದ ಚಿತ್ರವನ್ನಾಗಿಯೂ ಮಾಡಿ, ನಮ್ಮ ಮುಂದೆ ಇಡುವುದು.

ಕೂಡಿಸುವ ಭಾಗ ಅರ್ಧವನ್ನು ಮೀರಕೂಡದೆಂಬುದು ಈ ಲೆಕ್ಕದ ಕಟ್ಟುಪಾಡು. ಮೀರಿದರೆ ಸಣ್ಣ ತಪ್ಪುಗಳು ಹೆಜ್ಜೆ ಹೆಜ್ಜೆಗೂ ಹಿಗ್ಗುತ್ತ ಹೋಗಿ ಕೊನೆಗೆ ಉತ್ತರವನ್ನೇ ನುಂಗಿಬಿಡುವುವು. ಕಾಲದ ಹೆಜ್ಜೆಗೂ ದೂರದ ಹೆಜ್ಜೆಗೂ ನಡುವೆ ಇರಬೇಕಾದ ಇಂತಹ ಸಂಬಂಧವನ್ನು ಬೇರೊಂದು ಬಗೆಯ ಸಮೀಕರಣಗಳಿಗಾಗಿ ರಿಚರ್ಡ್ ಕೂರಾಂಟ್, ಕರ್ಟ್ ಫ್ರೀಡ್ರಿಕ್ಸ್, ಹ್ಯಾನ್ಸ್ ಲೆವಿ ಎಂಬ ಮೂವರು ಗಣಿತಜ್ಞರು 1928ರಲ್ಲಿ ತೋರಿಸಿಕೊಟ್ಟರು. ಆಗ ಇಂದಿನ ಅರ್ಥದ ಗಣಕಯಂತ್ರವೇ ಇರಲಿಲ್ಲ.

ಈ ಕಟ್ಟುಪಾಡಿನ ಬೆಲೆಯನ್ನೂ ಗಮನಿಸಬೇಕು. ಬಿಂದುಗಳ ಅಂತರವನ್ನು ಅರ್ಧ ಮಾಡಿದರೆ ಕಾಲದ ಹೆಜ್ಜೆಯನ್ನು ಕಾಲು ಭಾಗಕ್ಕೆ ಇಳಿಸಬೇಕು. ಕಂಬಿಗೆ ಬದಲಾಗಿ ಉದ್ದ, ಅಗಲ, ಎತ್ತರಗಳುಳ್ಳ ಘನವಸ್ತುವಾದರೆ ಬಿಂದುಗಳು 8 ಪಟ್ಟು, ಹೆಜ್ಜೆಗಳು 4 ಪಟ್ಟು, ಒಟ್ಟು ಕೆಲಸ 32 ಪಟ್ಟು ಹೆಚ್ಚುವುದು. ಚಿತ್ರ ಎರಡರಷ್ಟು ಸ್ಪಷ್ಟವಾಗಲೆಂದು ಬಯಸಿದವನು ಮೂವತ್ತೆರಡರಷ್ಟು ತೆರಬೇಕು. ದೊಡ್ಡ ಗಣಕಗಳಿಗೆ ಎಂದೂ ಕೆಲಸ ತೀರದಿರುವುದಕ್ಕೆ ಇದೂ ಒಂದು ಕಾರಣ.

ಹುಲ್ಲಿನ ರಾಶಿಯ ಮೇಲೆ ಹವೆಯ ಲೆಕ್ಕ

ಲೆಕ್ಕ ಸರಿಯಾಗಿದ್ದೂ ಉತ್ತರ ತಪ್ಪಾದ ಪ್ರಸಂಗಗಳಲ್ಲಿ ಇಂಗ್ಲೆಂಡಿನ ಲೂಯಿ ಫ್ರೈ ರಿಚರ್ಡ್‌ಸನ್ನರದು ಸುಪ್ರಸಿದ್ಧವಾದುದು. ಅವರು ಯುದ್ಧವನ್ನು ಒಪ್ಪದ ಕ್ವೇಕರ್ ಪಂಥದವರು. ಮೊದಲನೆಯ ಮಹಾಯುದ್ಧದಲ್ಲಿ ಬಂದೂಕು ಹಿಡಿಯದೆ, ಫ್ರಾನ್ಸಿನ ರಣರಂಗದಲ್ಲಿ ಗಾಯಾಳುಗಳನ್ನು ಸಾಗಿಸುವ ಬಂಡಿಯನ್ನು ನಡೆಸುತ್ತಿದ್ದರು. ಬಿಡುವು ದೊರೆತಾಗ ಚಳಿ ಕೊರೆಯುವ ಬಿಡಾರದಲ್ಲಿ ಹುಲ್ಲಿನ ರಾಶಿಯ ಮೇಲೆ ಕುಳಿತು, 1910ನೆಯ ಇಸವಿ ಮೇ 20ರಂದು ಮಧ್ಯಯೂರೋಪಿನ ಹವೆ ಆರು ಗಂಟೆಗಳಲ್ಲಿ ಹೇಗೆ ಬದಲಾಗಬೇಕಾಗಿತ್ತೆಂಬುದನ್ನು ಕೈಯಿಂದಲೇ ಲೆಕ್ಕ ಮಾಡಿದರು. ವಾರಗಟ್ಟಲೆ ಹಿಡಿದ ಕೆಲಸವದು. 1917ರ ಕದನದ ಗೊಂದಲದಲ್ಲಿ ಹಸ್ತಪ್ರತಿ ಕಳೆದುಹೋಗಿ, ಕೆಲವು ತಿಂಗಳ ಬಳಿಕ ಬೆಲ್ಜಿಯಮ್ಮಿನಲ್ಲಿ ಕಲ್ಲಿದ್ದಲಿನ ರಾಶಿಯ ಅಡಿಯಲ್ಲಿ ಸಿಕ್ಕಿತು.

ಅಷ್ಟೆಲ್ಲ ಶ್ರಮಪಟ್ಟು ದೊರೆತ ಉತ್ತರವಾದರೂ ಏನು? ಆರು ಗಂಟೆಗಳಲ್ಲಿ ವಾಯುವಿನ ಒತ್ತಡ 145 ಮಿಲಿಬಾರ್ ಏರಬೇಕೆಂದು ಲೆಕ್ಕ ಹೇಳಿತು. ಘೋರ ಚಂಡಮಾರುತದಲ್ಲಿಯೂ ಅಷ್ಟು ಬೇಗನೆ ಅಷ್ಟು ಬದಲಾವಣೆಯಾಗದು. ನಿಜವಾಗಿ ಆ ದಿನ ಒತ್ತಡ ಹೆಚ್ಚುಕಡಮೆ ಇದ್ದಂತೆಯೇ ಇದ್ದಿತು. ರಿಚರ್ಡ್‌ಸನ್ನರು ಇದನ್ನು ಮುಚ್ಚಿಡಲಿಲ್ಲ. 1922ರಲ್ಲಿ ಪ್ರಕಟಿಸಿದ ತಮ್ಮ ಗ್ರಂಥದಲ್ಲಿ ತಪ್ಪು ಉತ್ತರವನ್ನೂ, ಅದು ಬಂದ ದಾರಿಯನ್ನೂ ಪೂರ್ಣವಾಗಿ ಬರೆದಿಟ್ಟರು. ಹಾಗೆ ಬರೆದಿಟ್ಟುದರಿಂದಲೇ ಮುಂದಿನವರಿಗೆ ಕಾರಣವನ್ನು ಹುಡುಕಲು ಸಾಧ್ಯವಾಯಿತು. ಆರಂಭದಲ್ಲಿ ಕೊಟ್ಟ ಗಾಳಿಯ ವೇಗದ ಅಂಕಿಗಳಿಗೂ ಒತ್ತಡದ ಅಂಕಿಗಳಿಗೂ ಇರಬೇಕಾದ ಸಮತೋಲ ಅಲ್ಲಿರಲಿಲ್ಲ. ಆ ಸಣ್ಣ ವ್ಯತ್ಯಾಸ ಲೆಕ್ಕದಲ್ಲಿ ಬೃಹದಾಕಾರ ತಾಳಿತ್ತು. ಎಷ್ಟೋ ವರ್ಷಗಳ ನಂತರ ಐರ್ಲೆಂಡಿನ ಪೀಟರ್ ಲಿಂಚ್ ಎಂಬ ಹವಾಮಾನಶಾಸ್ತ್ರಜ್ಞರು ಆರಂಭದ ಅಂಕಿಗಳನ್ನು ಹದಗೊಳಿಸಿ ಅದೇ ಲೆಕ್ಕವನ್ನು ಮತ್ತೆ ಮಾಡಿದಾಗ ನಂಬತಕ್ಕ ಉತ್ತರವೇ ಬಂದಿತು. ಇಷ್ಟರಲ್ಲಿ, 1950ರಲ್ಲಿ, ಅಮೆರಿಕದ ಎನಿಯಾಕ್ ಎಂಬ ಗಣಕದ ಮೇಲೆ ಜೂಲ್ ಚಾರ್ನಿ ಮತ್ತು ಸಂಗಡಿಗರು ಹವಾಸೂಚನೆಯ ಲೆಕ್ಕವನ್ನು ನಡೆಸಿ ತೋರಿಸಿದ್ದರು. 24 ಗಂಟೆಗಳ ಮುನ್ಸೂಚನೆಗೆ ಸುಮಾರು 24 ಗಂಟೆಗಳೇ ಬೇಕಾದುವು. ಎಂದರೆ ಹವೆಯೊಡನೆ ಓಟದಲ್ಲಿ ಗಣಕ ಸರಿಸಮವಾಗಿ ಬಂದು ನಿಂತಿತು.

ಮುಳುಗಿದ ಕಾಂಕ್ರೀಟು

ರಿಚರ್ಡ್‌ಸನ್ನರ ತಪ್ಪಿನಿಂದ ಯಾರಿಗೂ ನಷ್ಟವಾಗಲಿಲ್ಲ. ಎಲ್ಲ ಸಲವೂ ಹಾಗಾಗದು. ಉತ್ತರ ಸಮುದ್ರದಲ್ಲಿ ಅನಿಲವನ್ನು ತೆಗೆಯುವುದಕ್ಕಾಗಿ ನಾರ್ವೆಯಲ್ಲಿ ‘ಸ್ಲೈಪ್ನರ್ ಎ’ ಎಂಬ ವೇದಿಕೆಯನ್ನು ಕಟ್ಟುತ್ತಿದ್ದರು. ಅದರ ತಳಭಾಗ 24 ಕಾಂಕ್ರೀಟ್ ಕೋಶಗಳ ಭಾರಿ ಗುಂಪು. 1991ರ ಆಗಸ್ಟ್ 23ರಂದು, ಪರೀಕ್ಷೆಗೆಂದು ಅದನ್ನು ನೀರಿನಲ್ಲಿ ಇಳಿಸುತ್ತಿದ್ದಾಗ, ಒಂದು ಗೋಡೆ ಬಿರಿದು ನೀರು ನುಗ್ಗಿ ಇಡೀ ರಚನೆ ಸಮುದ್ರದ ಕೊಲ್ಲಿಯ ತಳಕ್ಕೆ ಕುಸಿಯಿತು. ನಷ್ಟ ಸುಮಾರು 70 ಕೋಟಿ ಡಾಲರುಗಳು.

ಮುಖ್ಯ ಕಾರಣವನ್ನು ಗಣಕದ ಲೆಕ್ಕದಲ್ಲಿಯೇ ಪತ್ತೆಹಚ್ಚಿದರು. ದೊಡ್ಡ ರಚನೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ಭಾಗಿಸಿ, ತುಂಡು ತುಂಡಿಗೂ ಬೀಳುವ ಬಲವನ್ನು ಲೆಕ್ಕ ಹಾಕುವ ಕ್ರಮವೊಂದುಂಟು. ‘ಸಾಂತ ಅಂಶ ವಿಧಾನ’ವೆಂಬ ಅದು 1950ರ ದಶಕದಲ್ಲಿ ವಿಮಾನಗಳ ರೆಕ್ಕೆಗಳ ವಿಶ್ಲೇಷಣೆಯಿಂದ ಬೆಳೆದು ಬಂದು ಇಂದು ಸೇತುವೆ, ಅಣೆಕಟ್ಟು, ಮೋಟಾರುಗಾಡಿಗಳ ವಿನ್ಯಾಸದಲ್ಲೆಲ್ಲ ಹಬ್ಬಿದೆ. ಆದರೆ ಸ್ಲೈಪ್ನರಿನಲ್ಲಿ ಕೋಶಗಳು ಕೂಡುವ ಮೂಲೆಯ ಬಳಿ ತುಂಡುಗಳು ತೀರ ಒರಟಾಗಿದ್ದುವು. ಇದರಿಂದ ಗೋಡೆಯನ್ನು ಕತ್ತರಿಸುವಂತೆ ಎಳೆಯುವ ಬಲ ನಿಜಕ್ಕಿಂತ 47 ಪ್ರತಿಶತ ಕಡಮೆಯೆಂದು ತೋರಿತು. ಗೋಡೆ ತೆಳುವಾಗಿಯೇ ಉಳಿಯಿತು. ಅಪಘಾತದ ನಂತರ ಹೆಚ್ಚು ಎಚ್ಚರಿಕೆಯಿಂದ ಲೆಕ್ಕ ಮಾಡಿದಾಗ, 62 ಮೀಟರ್ ಆಳದಲ್ಲಿ ಗೋಡೆ ಒಡೆಯುವುದೆಂಬ ಉತ್ತರ ಬಂದಿತು. ನಿಜವಾಗಿ ಒಡೆದದ್ದು 65 ಮೀಟರಿನಲ್ಲಿ.

ಈ ಎರಡು ಅಂಕಿಗಳನ್ನು ನಮ್ಮ ವಿದ್ಯಾರ್ಥಿಗಳು ಮರೆಯಬಾರದೆಂದು ನಮ್ಮ ಆಸೆ. ಅದೇ ವಿಧಾನ ಒಮ್ಮೆ ಮೋಸ ಮಾಡಿತು, ಇನ್ನೊಮ್ಮೆ ಆಶ್ಚರ್ಯವಾಗುವಷ್ಟು ನಿಖರವಾಗಿ ನಿಜವನ್ನು ನುಡಿಯಿತು. ಎರಡರ ನಡುವಣ ಅಂತರವೆಲ್ಲ ‘ಈ ಉತ್ತರವನ್ನು ನಂಬಬಹುದೇ?’ ಎಂದು ಕೇಳುವ ಮನುಷ್ಯನಲ್ಲಿದೆ.

ಹಾಗಾದರೆ ಸಂಶೋಧನೆ ಯಾವುದು?

ಮೊದಲು ಎತ್ತಿದ ಪ್ರಶ್ನೆಗೆ ಈಗ ಉತ್ತರ ಹೇಳಬಹುದು. ತಂತ್ರಾಂಶವನ್ನು ಓಡಿಸುವುದು ಸಂಶೋಧನೆಯಲ್ಲ. ಅದನ್ನು ಕೆಲವೇ ತಿಂಗಳಲ್ಲಿ ಯಾರಾದರೂ ಕಲಿಯಬಹುದು. ಈ ಕ್ಷೇತ್ರದ ಸಂಶೋಧಕ ಎರಡು ಪ್ರಶ್ನೆಗಳೊಡನೆ ಸದಾ ಸೆಣಸುತ್ತಾನೆ. ಸಮೀಕರಣವನ್ನು ಸರಿಯಾಗಿ ಬಿಡಿಸಿದೆಯೇ ಎಂಬುದು ಮೊದಲನೆಯದು. ಸರಿಯಾದ ಸಮೀಕರಣವನ್ನೇ ಬಿಡಿಸಿದೆಯೇ ಎಂಬುದು ಎರಡನೆಯದು. ಮೊದಲನೆಯದಕ್ಕೆ ಗಣಿತ ಉತ್ತರ ಕೊಡಬೇಕು, ಎರಡನೆಯದಕ್ಕೆ ಪ್ರಯೋಗ.

ಸಮೀಕರಣವೇ ಸಾಲದಿರುವ ಕಡೆಗಳು ಇನ್ನೂ ಬೇಕಾದಷ್ಟಿವೆ. ದ್ರವಗಳ ಹರಿವಿನ ಸಮೀಕರಣಗಳು 19ನೆಯ ಶತಮಾನದಿಂದಲೂ ತಿಳಿದಿವೆ. ಆದರೆ ನೀರಾಗಲಿ ಗಾಳಿಯಾಗಲಿ ಸುಳಿಸುಳಿಯಾಗಿ ಪ್ರಕ್ಷುಬ್ಧವಾಗಿ ಹರಿಯತೊಡಗಿತೆಂದರೆ ಪ್ರತಿಯೊಂದು ಸುಳಿಯನ್ನೂ ಲೆಕ್ಕ ಹಿಡಿಯುವುದು ಇಂದಿನ ಮಹಾಗಣಕಗಳಿಗೂ ಸಾಧ್ಯವಿಲ್ಲ. ಹರಿವಿನ ರಭಸವನ್ನು ಅಳೆಯುವ ರೆನಾಲ್ಡ್ಸ್ ಸಂಖ್ಯೆ ಹತ್ತರಷ್ಟಾದರೆ ಬೇಕಾಗುವ ಬಿಂದುಗಳು ಸುಮಾರು 180ರಷ್ಟಾಗುವುವೆಂದು ಅಂದಾಜು. ಆದ್ದರಿಂದ ಸಣ್ಣ ಸುಳಿಗಳನ್ನು ಬಿಟ್ಟು, ಅವುಗಳ ಒಟ್ಟು ಪ್ರಭಾವವನ್ನು ಮಾತ್ರ ಹಿಡಿಯುವ ಮಾದರಿಗಳು ಬೇಕು. ಬ್ಯಾಟರಿಯೊಳಗೆ ಅಯಾನುಗಳ ಚಲನೆ, ಲೋಹದಲ್ಲಿ ಬಿರುಕು ಹರಿಯುವ ಬಗೆ, ರಕ್ತನಾಳದಲ್ಲಿ ರಕ್ತದ ಪ್ರವಾಹ, ಭೂಕಂಪದಲ್ಲಿ ಕಟ್ಟಡದ ತೂಗಾಟ, ಮುಂಗಾರಿನ ಮೋಡಗಳ ಹುಟ್ಟು, ಇವೆಲ್ಲ ಇಂತಹ ಮಾದರಿಗಳನ್ನು ಕೇಳುತ್ತಿವೆ. ಈಚೆಗೆ ಅಂಕಿಅಂಶಗಳಿಂದ ತಾನೇ ಕಲಿಯುವ ಯಂತ್ರಕಲಿಕೆಯೂ ಈ ಕೆಲಸಕ್ಕೆ ಕೈಹಾಕಿದೆ. ಅದು ವೇಗವಾಗಿ ಉತ್ತರ ಕೊಡುವುದು ನಿಜ. ಆದರೆ ತಾನು ಕಲಿತ ಮೇರೆಯ ಆಚೆಗೆ ಕಾಲಿಟ್ಟಾಗ ಅದೂ −700 ಡಿಗ್ರಿಯನ್ನು ಹೇಳಬಹುದು. ಕೇಳುವವನ ಕೆಲಸ ಇದರಿಂದ ಕಡಮೆಯಾಗಲಿಲ್ಲ, ಹೆಚ್ಚಿತು.

ಬೆಂಗಳೂರಿನ ಉದಾಹರಣೆ

ಇಂತಹ ಕೆಲಸಕ್ಕೆ ದೂರದ ಉದಾಹರಣೆಯೇ ಬೇಕೆಂದಿಲ್ಲ. ಸತೀಶ್ ಧವನ್ ಅವರು ಅಮೆರಿಕದ ಕ್ಯಾಲಿಫೋರ್ನಿಯ ತಂತ್ರಶಾಸ್ತ್ರ ಸಂಸ್ಥೆಯಲ್ಲಿ ಡಾಕ್ಟರೇಟ್ ಮುಗಿಸಿ 1951ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದರು. ಹರಿಯುವ ಗಾಳಿ ತಾನು ತಾಗುವ ಮೈಯನ್ನು ಎಷ್ಟು ಬಲದಿಂದ ಉಜ್ಜುವುದೆಂಬುದನ್ನು ನೇರವಾಗಿ ಅಳೆದದ್ದು ಅವರ ಡಾಕ್ಟರೇಟ್ ಪ್ರಬಂಧದ ವಿಷಯ. ಬೆಂಗಳೂರಿನವರೇ ಆದ ರೊದ್ದಂ ನರಸಿಂಹ ಅವರು ಎಂಜಿನಿಯರಿಂಗ್ ಪದವಿಯ ನಂತರ ಧವನ್ ಅವರ ಶಿಷ್ಯರಾದರು. ನಯವಾಗಿ ಹರಿಯುತ್ತಿದ್ದ ಗಾಳಿ ಪ್ರಕ್ಷುಬ್ಧವಾಗುವುದು ಹೇಗೆಂಬುದನ್ನು ಗುರುಶಿಷ್ಯರು ಅಲ್ಲಿ ಪರೀಕ್ಷಿಸಿದರು.

ಒಣಗಿದ ಅಂಗಳದ ಮೇಲೆ ಮಳೆ ಬೀಳತೊಡಗಿದಾಗ ಏನಾಗುವುದೆಂಬುದನ್ನು ನೆನೆದುಕೊಳ್ಳಿರಿ. ಮೊದಲು ಅಲ್ಲೊಂದು ಇಲ್ಲೊಂದು ಹನಿ ಬಿದ್ದು ಒದ್ದೆಯ ಕಲೆಗಳಾಗುವುವು. ಕಲೆಗಳು ಹರಡಿ ಒಂದನ್ನೊಂದು ಕೂಡುವುವು. ಕೊನೆಗೆ ಅಂಗಳವೆಲ್ಲ ಒದ್ದೆಯಾಗುವುದು. ಗಾಳಿಯ ಹರಿವಿನಲ್ಲಿಯೂ ಪ್ರಕ್ಷುಬ್ಧತೆ ಹೀಗೆಯೇ ಕಲೆ ಕಲೆಯಾಗಿ ಹುಟ್ಟಿ ಹರಡುವುದು. ಒಂದು ಸ್ಥಳದಲ್ಲಿ ಹರಿವು ಎಷ್ಟು ಕಾಲ ಪ್ರಕ್ಷುಬ್ಧವಾಗಿರುವುದೆಂಬ ಅನುಪಾತವನ್ನು ಸರಳವಾದ ಸೂತ್ರದಲ್ಲಿ ಹಿಡಿದಿಟ್ಟ ಈ ಕೆಲಸ 1958ರಲ್ಲಿ ಪ್ರಕಟವಾಯಿತು. ಅಳತೆಯಿಂದ ಮಾದರಿ ಹುಟ್ಟುವ ಬಗೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮಗೆ ತಿಳಿಯದು. ಟರ್ಬೈನಿನ ಅಲಗುಗಳ ಮೇಲಿನ ಹರಿವನ್ನು ಲೆಕ್ಕ ಹಾಕುವವರು ಮುಂದೆ ಇದನ್ನು ಬಳಸಿಕೊಂಡರು. ಧವನ್ ಅವರು 1972ರಲ್ಲಿ ದೇಶದ ಬಾಹ್ಯಾಕಾಶ ಕಾರ್ಯಕ್ರಮದ ಹೊಣೆ ಹೊತ್ತರು. ನರಸಿಂಹ ಅವರು 1961ರಲ್ಲಿ, ತಮ್ಮ ಗುರುಗಳು ಓದಿದ ಕ್ಯಾಲಿಫೋರ್ನಿಯದ ಸಂಸ್ಥೆಯಿಂದಲೇ, ಡಾಕ್ಟರೇಟ್ ಪಡೆದು ಬೆಂಗಳೂರಿಗೆ ಮರಳಿದರು.

ನರಸಿಂಹ ಅವರು ಬೆಂಗಳೂರಿನ ರಾಷ್ಟ್ರೀಯ ವೈಮಾನಿಕ ಪ್ರಯೋಗಶಾಲೆಯ ನಿರ್ದೇಶಕರಾಗಿದ್ದಾಗ, 1986ರಲ್ಲಿ, ಅಲ್ಲಿ ‘ಫ್ಲೋಸಾಲ್ವರ್’ ಎಂಬ ಗಣಕ ಸಿದ್ಧವಾಯಿತು. ಹಲವು ಸಾಧಾರಣ ಸಂಸ್ಕಾರಕಗಳು ಲೆಕ್ಕವನ್ನು ಹಂಚಿಕೊಂಡು ಏಕಕಾಲಕ್ಕೆ ದುಡಿಯುವಂತೆ ಮಾಡಿದ ಈ ಯಂತ್ರವನ್ನು ಭಾರತದ ಮೊದಲ ಸಮಾಂತರ ಗಣಕವೆಂದು ಕರೆಯುತ್ತಾರೆ. ಹರಿವಿನ ಲೆಕ್ಕಗಳನ್ನು ಬಿಡಿಸುವುದೇ ಅದರ ಉದ್ದೇಶ. 2022ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲೆಗೊಂಡ ‘ಪರಮ ಪ್ರವೇಗ’ದ ಸಾಮರ್ಥ್ಯ 3.3 ಪೆಟಾಫ್ಲಾಪ್. ಅದು ಒಂದು ಸೆಕೆಂಡಿನಲ್ಲಿ ಮಾಡಬಲ್ಲ ಲೆಕ್ಕವನ್ನು ಸೆಕೆಂಡಿಗೆ ಒಂದರಂತೆ ಒಬ್ಬ ಮನುಷ್ಯ ಮಾಡಹೊರಟರೆ ಹತ್ತು ಕೋಟಿ ವರ್ಷಗಳಿಗೂ ಮಿಗಿಲಾಗಿ ಬೇಕು.

ದಾರಿ ಯಾವುದು?

ಈ ಕ್ಷೇತ್ರಕ್ಕೆ ಬರಲು ಬಯಸುವವರಿಗೆ ದಾರಿಗಳು ಹಲವಿವೆ. ಎಂಜಿನಿಯರಿಂಗ್ ಪದವೀಧರರು ಭಾರತೀಯ ವಿಜ್ಞಾನ ಸಂಸ್ಥೆಯೂ ಐಐಟಿಗಳೂ ಕೂಡಿ ನಡೆಸುವ ಗೇಟ್ ಪರೀಕ್ಷೆಯನ್ನು ಬರೆದು, ಅನಂತರ ಸಂದರ್ಶನವನ್ನು ಎದುರಿಸಬೇಕು. ಭೌತಶಾಸ್ತ್ರ, ಗಣಿತಗಳಲ್ಲಿ ಎಂ.ಎಸ್ಸಿ. ಮಾಡಿದವರನ್ನೂ ಎಂಜಿನಿಯರಿಂಗಿನ ಎಷ್ಟೋ ವಿಭಾಗಗಳು ಸ್ವಾಗತಿಸುತ್ತವೆ; ಇದು ನಮ್ಮ ವಿಜ್ಞಾನ ಕಾಲೇಜುಗಳಲ್ಲಿ ಬಹಳ ಮಂದಿಗೆ ತಿಳಿಯದ ಸಂಗತಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2022ರ ನಿಯಮಗಳು ನಾಲ್ಕು ವರ್ಷದ ಪದವಿಯನ್ನು 75 ಪ್ರತಿಶತ ಅಂಕಗಳೊಡನೆ ಮುಗಿಸಿದವರಿಗೂ ಡಾಕ್ಟರೇಟಿನ ಬಾಗಿಲನ್ನು ನೇರವಾಗಿ ತೆರೆದವು. ಉದ್ಯೋಗದಲ್ಲಿರುವ ಎಂಜಿನಿಯರುಗಳು ತಮ್ಮ ಕೆಲಸವನ್ನು ಬಿಡದೆಯೇ ನೋಂದಾಯಿಸಿಕೊಳ್ಳುವ ಏರ್ಪಾಡೂ ಕೆಲವು ಸಂಸ್ಥೆಗಳಲ್ಲಿ ಉಂಟು. ಕರ್ನಾಟಕದಲ್ಲಿಯೇ ಭಾರತೀಯ ವಿಜ್ಞಾನ ಸಂಸ್ಥೆಯಲ್ಲದೆ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ, ಧಾರವಾಡದ ಐಐಟಿ, ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರ ಮೊದಲಾದ ಕಡೆಗಳಲ್ಲಿ ಈ ಬಗೆಯ ಸಂಶೋಧನೆಗೆ ಅವಕಾಶವಿದೆ.

ಹೊಟ್ಟೆಯ ಪ್ರಶ್ನೆಯನ್ನೂ ಬಿಡುವಂತಿಲ್ಲ. ಡಾಕ್ಟರೇಟ್ ಎಂದರೆ ಇನ್ನೂ ಐದು ವರ್ಷ ಶುಲ್ಕ ಕಟ್ಟುವುದೆಂಬ ಭಾವನೆ ನಮ್ಮ ಮನೆಗಳಲ್ಲಿ ಬಲವಾಗಿದೆ. ಅರ್ಹತೆ ಪಡೆದು ಸೇರಿದವರಿಗೆ ಸರ್ಕಾರವೇ ತಿಂಗಳ ವೇತನವನ್ನು ಕೊಡುತ್ತದೆ. 2023ರ ಜನವರಿ 1ರಿಂದ ಅನ್ವಯಿಸುವಂತೆ ಕೇಂದ್ರ ಸರ್ಕಾರ ಕಿರಿಯ ಸಂಶೋಧನ ವೇತನವನ್ನು ತಿಂಗಳಿಗೆ 37,000 ರೂಪಾಯಿಗೂ, ಹಿರಿಯ ಸಂಶೋಧನ ವೇತನವನ್ನು 42,000 ರೂಪಾಯಿಗೂ ಏರಿಸಿತು. ಇದು ಸಾಲವಲ್ಲ, ಹಿಂದಿರುಗಿಸಬೇಕಾಗಿಲ್ಲ. ಕಂಪನಿಯ ಸಂಬಳಕ್ಕೆ ಹೋಲಿಸಿದರೆ ಇದು ಕಡಮೆಯೇ. ಆದರೆ ಮಿತವಾಗಿ ಬಾಳುವವನು ಮನೆಗೂ ಸ್ವಲ್ಪ ಕಳುಹಿಸಬಹುದು.

ವಿದೇಶಗಳ ಬಾಗಿಲೂ ತೆರೆದಿದೆ. ಯೂರೋಪಿನ ಹಲವು ದೇಶಗಳಲ್ಲಿ ಸಂಶೋಧನಾ ವಿದ್ಯಾರ್ಥಿಯನ್ನು ಸಂಬಳ ಪಡೆಯುವ ನೌಕರನನ್ನಾಗಿಯೇ ನೇಮಿಸಿಕೊಳ್ಳುತ್ತಾರೆ. ಅಮೆರಿಕದಲ್ಲಿ ಪಾಠ ಹೇಳಿಯೋ ಪ್ರಾಧ್ಯಾಪಕರ ಯೋಜನೆಯಲ್ಲಿ ದುಡಿದೋ ಖರ್ಚನ್ನು ತೂಗಿಸಿಕೊಳ್ಳುವುದು ರೂಢಿ. ಎಲ್ಲಿಗೇ ಹೋಗಲಿ, ಸೇರುವ ಮೊದಲು ಮೂರು ವಿಷಯಗಳನ್ನು ವಿಚಾರಿಸಬೇಕು. ಆ ಮಾರ್ಗದರ್ಶಕರ ಬಳಿ ಈಗಾಗಲೇ ಇರುವ ವಿದ್ಯಾರ್ಥಿಗಳು ಏನು ಹೇಳುತ್ತಾರೆ? ಹಿಂದಿನವರು ಎಷ್ಟು ವರ್ಷಗಳಲ್ಲಿ ಮುಗಿಸಿದರು? ಲೆಕ್ಕವನ್ನು ಒರೆಹಚ್ಚುವುದಕ್ಕೆ ಪ್ರಯೋಗದ ಅಂಕಿಗಳು ಎಲ್ಲಿಂದ ಬರುತ್ತವೆ? ಮೂರನೆಯದಕ್ಕೆ ಉತ್ತರವಿಲ್ಲದಿದ್ದರೆ ಅಲ್ಲಿ ಬಣ್ಣದ ಚಿತ್ರಗಳು ಮಾತ್ರ ತಯಾರಾಗುತ್ತಿರಬಹುದು.

ಈ ಬಾಳು ಸುಲಭವಾದುದೆಂದು ನಾವು ಹೇಳುವುದಿಲ್ಲ. ತಿಂಗಳುಗಟ್ಟಲೆ ಬರೆದ ಕ್ರಮವಿಧಿ ಒಂದು ಚಿಹ್ನೆಯ ತಪ್ಪಿನಿಂದ ಕೆಟ್ಟು ಕೂರುವುದುಂಟು. ಜೊತೆಯಲ್ಲಿ ಓದಿದವರು ಮನೆ ಕಟ್ಟುವ ವೇಳೆಗೆ ತಾನಿನ್ನೂ ವಿದ್ಯಾರ್ಥಿನಿಲಯದ ಕೋಣೆಯಲ್ಲಿರುವುದುಂಟು. ಉತ್ತರ ತಪ್ಪೆಂದು ತನಗೆ ತಾನೇ ಒಪ್ಪಿಕೊಳ್ಳುವ ಧೈರ್ಯವೂ, ಏಕೆ ತಪ್ಪೆಂದು ತಿಳಿಯುವವರೆಗೆ ಬಿಡದ ಹಟವೂ ಇಲ್ಲದವರು ಈ ಕಡೆ ಬಾರದಿರುವುದೇ ಲೇಸು. ಇವೆರಡೂ ಇದ್ದವರಿಗೆ ಜಾಣತನ ಸ್ವಲ್ಪ ಕಡಮೆಯಾದರೂ ನಡೆಯುವುದು.

ಈ ಲೇಖನವನ್ನು ಬರೆಯುತ್ತಿರುವ ನಾವು ಡಾಕ್ಟರೇಟ್ ಪಡೆದವರಲ್ಲ. ಎಂ.ಎಸ್ಸಿ. ಮುಗಿಸಿದ ವರ್ಷ ಮನೆಗೆ ಸಂಬಳ ಬೇಕಾಗಿತ್ತು; ಸಂಶೋಧನೆ ಹಣವಿದ್ದವರ ಕೆಲಸವೆಂದು ನಂಬಿ ಉಪನ್ಯಾಸಕ ವೃತ್ತಿಗೆ ಸೇರಿದೆವು. ಸಂಶೋಧನೆಗೂ ವೇತನವುಂಟೆಂಬುದನ್ನು ಸರಿಯಾಗಿ ತಿಳಿದದ್ದು ಆಮೇಲೆ. ಪಾಠ ಹೇಳುವುದರಲ್ಲಿ ನಮಗೆ ಸಂತೋಷವಿದೆ. ವಿಷಾದವನ್ನು ತೋಡಿಕೊಳ್ಳುವುದಕ್ಕಾಗಿ ಇದನ್ನು ಹೇಳುತ್ತಿಲ್ಲ. ಆದರೆ ತಿಳಿದು ಬಿಡುವುದು ಬೇರೆ, ತಿಳಿಯದೆ ಬಿಡುವುದು ಬೇರೆ. ನಮ್ಮ ಮುಂದಿನ ಬೆಂಚುಗಳಲ್ಲಿ ಕುಳಿತಿರುವವರು ತಿಳಿದೇ ಆರಿಸಿಕೊಳ್ಳಲಿ ಎಂಬುದಷ್ಟೇ ನಮ್ಮ ಬಯಕೆ.

ಈಗಲೇ ಮಾಡಬಹುದಾದ ಕೆಲಸವೂ ಒಂದಿದೆ. ನಮ್ಮ ಏಳು ಬಿಂದುಗಳ ಕಂಬಿಯನ್ನು ಮತ್ತೆ ತೆಗೆದುಕೊಳ್ಳಿರಿ. ಕಾಲು ಭಾಗಕ್ಕೆ ಬದಲಾಗಿ ಈ ಸಲ ಸರಿಯಾಗಿ ಅರ್ಧ ಭಾಗವನ್ನು ಕೂಡಿಸಿರಿ. ಅದು ಕಟ್ಟುಪಾಡಿನೊಳಗೇ ಇದೆ. ಅಂಕಿಗಳು ಮಿತಿಮೀರಿ ಬೆಳೆಯುವುದಿಲ್ಲ. ಆದರೂ ನಡುವಿನ ಬಿಂದು ಮೊದಲ ಹೆಜ್ಜೆಯಲ್ಲಿ 100ರಿಂದ ಥಟ್ಟನೆ 0ಗೆ ಇಳಿದು, ಎರಡನೆಯ ಹೆಜ್ಜೆಯಲ್ಲಿ ಮತ್ತೆ 50ಕ್ಕೆ ಏರುವುದು. ನಿಜವಾದ ಕಂಬಿ ಹೀಗೆ ಮಾಡುವುದೇ? ಇಲ್ಲವಾದರೆ ತಪ್ಪು ಎಲ್ಲಿದೆ? ಪೆನ್ಸಿಲನ್ನು ಕೆಳಗಿಡದೆ ಇದನ್ನು ಯೋಚಿಸುತ್ತ ಕೂರುವ ವಿದ್ಯಾರ್ಥಿಯೋ ವಿದ್ಯಾರ್ಥಿನಿಯೋ ನಿಮ್ಮ ನಡುವೆ ಇದ್ದರೆ, ಅವರು ದಾಖಲಾತಿಗೆ ಮೊದಲೇ ಸಂಶೋಧನೆಯನ್ನು ಆರಂಭಿಸಿದ್ದಾರೆಂದು ತಿಳಿಯಬೇಕು.